ಎರಡೂ ಕಡೆ ಲಿವರ್

ನಾನು ಎಡಚಿ. ಎಪ್ಪತ್ತರ ದಶಕದ ಕೊನೆಯಲ್ಲಿ ಪಿಸ್ತೂಲ್ ಸ್ಪರ್ಧೆಗೆ ಇಳಿದಾಗ ಅದೇ ಫಜೀತಿಯಾಯಿತು. ತಪ್ಪಿ ಗುಂಡು ಹಾರದಂತೆ ತಡೆಯೋ ಸೇಫ್ಟಿ ಲಿವರನ್ನು ಹೆಬ್ಬೆರಳಿಂದ ಕೆಳಗೊತ್ತಿದ ಮೇಲೇ ಟ್ರಿಗರ್ ಎಳೆಯೋಕಾಗೋದು. ಅದು ಇದ್ದದ್ದು ಬಲಗೈಯವರಿಗೆ ಎಟುಕುವ ಕಡೆ ಮಾತ್ರ. ಎರಡೂ ಕಡೆ ಲಿವರ್ ಇರೋ ಸೇಫ್ಟಿ ಚಾಮರಾಜಪೇಟೆಯ ಬಂದೂಕು ರಿಪೇರಿ ಅಂಗಡಿಗೆ ಬಂದಿದೆ ಅಂತ ಗೊತ್ತಾದದ್ದೇ ತಡ, ಕುಣ್ಕೊಂಡು ಹೋದೆ. ಜೊತೆಗೆ ಅಮ್ಮ.

ಅಂಗಡಿ ಯಜಮಾನರು ಅಗಲ ಲಿವರಿನದೊಂದು, ಸಣ್ಣದೊಂದು ತೋರಿಸಿದರು. ಅಗಲದ್ದನ್ನು ಕೂರಿಸಿ ಖಾಲಿ ಪಿಸ್ತೂಲ್ ಕೊಟ್ಟರು. ನಾನು ಎಡಗೈ ಚಾಚಿದೆ.

"ಬಲಗೈಲಿ ಇಸ್ಕೊಳ್ಳೇ!" ಅಮ್ಮ ಗದರಿದಳು. ಮಗಳು ಗುಂಡು ಹೊಡೆಯೋದಕ್ಕೆ ಅವಳ ಅಡ್ಡಿಯಿಲ್ಲ, ಎಡಗೈಲಿ ಇಸ್ಕೊಳ್ಳಬಾರದು ಅಷ್ಟೇ.

ಬಲಗೈಲಿ ತಗೊಂಡು ಎಡಗೈಗೆ ಬದಲಾಯಿಸಿದೆ. ಹೆಬ್ಬೆರಳಿಗೆ ಹಾಯಾಗಿತ್ತು, ಆದರೆ ಆಚೆ ಕಡೆಯ ಲಿವರ್ ತೋರುಬೆರಳಿನ ಬುಡಕ್ಕೆ ಒತ್ತುತ್ತಿತ್ತು. ವಾಪಸ್ ಕೊಡಹೋದರೆ ಮತ್ತೆ "ಬಲಗೈಲಿ!" ಸಣ್ಣದನ್ನು ಹಾಕಿ ಕೊಟ್ಟಾಗಲೂ ಅದೇ ಕಥೆ. ಯಜಮಾನರಿಗೆ ನಗು ತಡೆಯಲಾಗಲಿಲ್ಲ.

"ಅಮ್ಮಾವ್ರೇ, ಇವರಿಗೆ ಎರಡು ಕಡೆಯದೇ ಸರಿ. ಒಂದು ಕಡೆ ಇವರಿಗೆ, ಇನ್ನೊಂದು ಕಡೆ ನಿಮಗೆ."

ನಾನು ನಕ್ಕು ನಕ್ಕು ಸ್ಟೂಲ್ ಮೇಲೆ ಕೂತ್ಬಿಟ್ಟೆ. ಸಣ್ಣದು ಎಲ್ಲೂ ಒತ್ತಲಿಲ್ಲ, ಅದನ್ನೇ ಹಾಕಿಸಿಕೊಂಡೆ.

ಆ ಸಲ ಗೆದ್ದುಬಿಟ್ಟೆ! ಮುಖ್ಯ ಅತಿಥಿಗಳು ಕಪ್ ಕೊಡುವಾಗ ಖುಷಿಯಲ್ಲಿ ಎಡಗೈ ಮುಂದೆ ಹೋಯಿತು. ಮುಂದಿನ ಸಾಲಿನಿಂದ ಅಮ್ಮನ ದನಿ ಬಂತು, "ಬಲಗೈಲೀ!" ನಾನು ಬೆಚ್ಚಿಬಿದ್ದೆ, ಆ ಕ್ಷಣಕ್ಕೇ ಫೋಟೋದವನು ಬಟನ್ ಒತ್ತಿದ. ಫೋಟೋ ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ. ಅತಿಥಿಗಳು ಕಪ್ ಹಿಡಿದು ನಿಂತಿದ್ದಾರೆ. ಪಿಸ್ತೂಲಿನ ಚಾಂಪಿಯನ್ ಎರಡೂ ಕೈ ಮೇಲೆತ್ತಿ ಶರಣಾಗಿದ್ದಾಳೆ.