ಅಕ್ಕನ ಮೊಣಕೈಯ ಕಲೆ

ಅಕ್ಕನ ಮದುವೆ ಮುರಿದವನು ನಾನೇ. ತಪ್ಪನ್ನು ಬೇರೆಯವರ ಮೇಲೆ ಹಾಕಿ ನೋಡಿದೆ, ನಿಲ್ಲಲಿಲ್ಲ.

ಆಗ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದೆ. ಇನ್ನೂ ಮದ್ರಾಸಿನ ಆಡಳಿತ, ಡಾಕ್ಟರು ತೆಲುಗಿನವರು. ಅವರ ಗಂಟಲು, ಕನ್ನಡಕ ಸರಿಸುವ ರೀತಿ, ಮುಂದೆ ಬಂದ ಹೊಟ್ಟೆ ಎಲ್ಲವೂ ನನಗೆ ಬಾಯಿಪಾಠ. ಅವರನ್ನು ಅಣಕಿಸಲು ನನಗೆ ಹೊಟ್ಟೆ ಇರಲಿಲ್ಲ, ದಿಂಬಿತ್ತು. ಚರ್ಮದ ಬಗ್ಗೆ ಅವರು ಹೇಳಿದ್ದನ್ನು ಅವರಿಗಿಂತ ಗತ್ತಿನಿಂದ ಹೇಳುತ್ತಿದ್ದೆ. ಮೇಲಿನ ಪದರ ಸತ್ತದ್ದು, ದಿನವೂ ಉದುರುವಂಥದ್ದು. ಅದರ ಕೆಳಗಿನದು ಬದುಕಿದ್ದು. ರಕ್ತ, ಬೆವರಿನ ಗ್ರಂಥಿ, ಮುಟ್ಟಿದ್ದು ಸುಟ್ಟದ್ದು ತಿಳಿಯುವ ನರದ ತುದಿ ಎಲ್ಲ ಅಲ್ಲಿ. ಅದಕ್ಕೂ ಕೆಳಗೆ ಕೊಬ್ಬು, ಚರ್ಮ ಜಾರದಂತೆ ಮಾಂಸಕ್ಕೆ ಹಿಡಿದಿಡುವ ಬಿಳಿ ಎಳೆಗಳು. ಅವ್ವ ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲೆದಂತೆ ಎಂಬುದಷ್ಟೇ ನಾನು ಸೇರಿಸಿದ್ದು.

ಕುರುಗೋಡಿನ ನಮ್ಮ ಮನೆಗೆ ದೇಶನೂರಿನ ಗಂಡಿನವರು ಮಾತು ಮುಗಿಸಲು ಬಂದಿದ್ದರು. ಹುಡುಗ ಒಪ್ಪಿದ್ದ. ಅಕ್ಕನೂ ಒಪ್ಪಿದ್ದಳೆಂದು ನನಗೆ ಗೊತ್ತಿತ್ತು, ಮೂರು ದಿನದಿಂದ ಅವಳು ನನ್ನನ್ನು ಬೈದಿರಲಿಲ್ಲ. ಊಟವಾದ ಮೇಲೆ ಹುಡುಗನ ಸೋದರಮಾವ ನನ್ನ ಅಣಕ ನೋಡಬೇಕೆಂದರು. ಬಸ್ ಕಂಡಕ್ಟರನನ್ನು ಮಾಡಿದೆ, ಅವರನ್ನೇ ಮಾಡಿದೆ, ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ದಿಂಬು ಕಟ್ಟಿಕೊಂಡು ಡಾಕ್ಟರಾದೆ.

"ಕಣ್ಣು ಮುಚ್ಚಮ್ಮಾ. ಮುಟ್ಟಿದ ಕಡೆ ಬೆರಳು ಪೆಟ್ಟಮ್ಮಾ, ಇಡಮ್ಮಾ."

ಒಂದು ಎಳೆ ಅರಳೆ ಹಿಡಿದು ಒಬ್ಬೊಬ್ಬರನ್ನೇ ಮುಟ್ಟುತ್ತ ಹೋದೆ. ಸೋದರಮಾವನ ಕುತ್ತಿಗೆಗೆ ಕಚಗುಳಿಯಾಯಿತು. ಬರಿಗಾಲಲ್ಲಿ ಉತ್ತು ಗಟ್ಟಿಯಾದ ಅಪ್ಪನ ಹಿಮ್ಮಡಿಗೆ ಏನೂ ತಿಳಿಯಲಿಲ್ಲ, ಅದಕ್ಕೂ ನಗು. ಆಮೇಲೆ ಅಕ್ಕ. ಅವಳ ಮೊಣಕೈ ಮೇಲೆ ಒಂದು ಮಾಸಲು ಕಲೆಯಿತ್ತು, ಚಿಬ್ಬು ಎಂದು ಮನೆಯವರೆಲ್ಲ ಬಿಟ್ಟಿದ್ದರು. ಅರಳೆ ಅಲ್ಲಿಗೆ ತಾಗಿತು. ಅವಳ ಬೆರಳು ಅಲ್ಲಾಡಲಿಲ್ಲ. ನನ್ನನ್ನೇ ಆಟ ಆಡಿಸುತ್ತಿದ್ದಾಳೆಂದು ಅಂಗಿಯ ಪಿನ್ನು ತೆಗೆದು ಚುಚ್ಚಿದೆ. ರಕ್ತ ಬಂತು. ಅಕ್ಕ ಕಣ್ಣು ಮುಚ್ಚಿ, ತುಟಿಯಲ್ಲೇ ನಗುತ್ತ ಕಾಯುತ್ತಿದ್ದಳು.

"ಯಾವಾಗ ಮುಟ್ಟತೀಯೋ ತಮ್ಮಾ?"

ಆಸ್ಪತ್ರೆಯಲ್ಲಿ ಹಾಗೆ ಕೇಳಿದವರನ್ನು ನಾನು ಕಂಡಿದ್ದೆ. ಸೋದರಮಾವನೂ ಎಲ್ಲೋ ಕಂಡಿರಬೇಕು. ಎಲೆ ಅಡಿಕೆ ಕೆಳಗಿಟ್ಟು ಎದ್ದರು, ಉಳಿದವರೂ ಎದ್ದರು. ಚಪ್ಪಲಿಯ ಸದ್ದಿಗೆ ಅಕ್ಕ ಕಣ್ಣು ತೆರೆದಳು.

ಕುಷ್ಠವೇ. ಒಂದೇ ಕಲೆ, ಬೇಗ ಸಿಕ್ಕಿತು, ಬೆರಳುಗಳು ಉಳಿಯುತ್ತವೆ ಎಂದರು ಡಾಕ್ಟರು. ಕಂಡುಹಿಡಿದದ್ದಕ್ಕೆ ನನ್ನ ಬೆನ್ನು ತಟ್ಟಿ ಶಾಭಾಸ್ ಅಂದರು. ಆ ಶಾಭಾಸ್ ಅನ್ನು ಎಲ್ಲಿಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಕ್ಕ ವಾರವಾರವೂ ಬಸ್ಸಿನಲ್ಲಿ ಆಸ್ಪತ್ರೆಗೆ ಬಂದು, ಆಗ ಕುಷ್ಠಕ್ಕೆ ಕೊಡುತ್ತಿದ್ದ ಎಣ್ಣೆಯ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದಳು. ಕಲೆಯ ಸುತ್ತಲಿನ ಚರ್ಮಕ್ಕೆ ಎಲ್ಲವೂ ತಿಳಿಯುತ್ತಿತ್ತು, ಹಲ್ಲು ಕಚ್ಚುತ್ತಿದ್ದಳು. ತೋಳು ಹಿಡಿದುಕೊಳ್ಳುವ ಕೆಲಸ ನನ್ನದು. ಒಂದು ದಿನ ತಡೆಯಲಾಗದೆ ಹೇಳಿದೆ: ನಾಳೆಯೇ ಸಿರುಗುಪ್ಪದ ಬಸ್ಸು ಹತ್ತಿ ದೇಶನೂರಿಗೆ ಹೋಗುತ್ತೇನೆ, ವಾಸಿಯಾಗುತ್ತದೆಂದು ತಿಳಿಸುತ್ತೇನೆ, ಬೇಕಾದರೆ ಸೋದರಮಾವನ ಕಾಲು ಹಿಡಿಯುತ್ತೇನೆ.

ಅಕ್ಕ ರವಿಕೆಯ ತೋಳು ಕೆಳಗೆಳೆದುಕೊಂಡಳು.

"ನಾ ಕಣ್ಣು ಮುಚ್ಚಿ ಕುಂತಾಗ ಎದ್ದು ಹೋದವರು ಅವರು. ತಾವಾಗೇ ಬಂದು ಕರದರೂ ನಾ ಆ ಮನಿಗಿ ಹೋಗಂಗಿಲ್ಲ. ನೀನೂ ಹೋಗಬ್ಯಾಡ."