ಮೇಣ ಹಚ್ಚಿದ ಡಬ್ಬಿ

೧೯೩೪ರಲ್ಲಿ, ಅಪ್ಪ ತೀರಿಕೊಂಡ ವರ್ಷ, ನಾಲ್ಕನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಆಮೇಲೆ ದುಡಿದದ್ದೇ ದುಡಿದದ್ದು. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ೧೯೭೧ರ ದಸರೆಯ ಮರುದಿನ ಮಾತ್ರ ಬೇಡಲೆಂದೇ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದೆ. ಅಪ್ಪನ ಮುಖ ನೋಡುವುದಿತ್ತು.

ಅಪ್ಪನದೊಂದು ಫೋಟೊ ಕೂಡ ನಮ್ಮಲ್ಲಿಲ್ಲ. ಕಲಬುರ್ಗಿ ಕಡೆಯ ಶಂಕರಪ್ಪನವರು ಗಡಿಯಾರದ ಅಂಗಡಿ ಮಾರಿ ಕ್ಯಾಮೆರಾ ಕೊಂಡು, ನಾಸಿಕ್‌ನ ಗೋದಾವರಿ ದಂಡೆಯಲ್ಲಿ ತಗಡಿನ ಶೆಡ್ಡು ಹಾಕಿ, ಬಿಸಿಲಿನ ಬೆಳಕಿನಲ್ಲೇ ಮೂಕಿಚಿತ್ರ ತೆಗೆಯುತ್ತಿದ್ದರು. ಅಪ್ಪ ಅವರ ಬಡಗಿ. ಹೆಂಗಸರು ಬಣ್ಣ ಹಚ್ಚಲು ಒಪ್ಪದ ಕಾಲ; ಅಪ್ಪನೇ ಮೀಸೆ ಬೋಳಿಸಿ ರಾಣಿಯಾದ. ಮಾತಾಡುವ ಚಿತ್ರ ಬಂದದ್ದೇ ಶೆಡ್ಡಿಗೆ ಬೀಗ ಬಿತ್ತು. ಶಂಕರಪ್ಪನವರು ಔರಂಗಾಬಾದಿಗೆ ಹೋಗಿ ಮತ್ತೆ ಗಡಿಯಾರ ರಿಪೇರಿಗೆ ಕೂತರು, ಅಲ್ಲೇ ತೀರಿದರು. ರಾಣಿಯ ಚಿತ್ರದ ಫಿಲ್ಮಿನ ಡಬ್ಬಿಯೊಂದು ಅಲ್ಲೇ ಅವರ ಮಗಳು ಗಂಗಾಬಾಯಿಯ ಮನೆಯಲ್ಲಿದೆ ಎಂದು, ಓಝರ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇತಿನ ಔರಂಗಾಬಾದಿನವನು ಹೇಳಿದ್ದ.

ರಾತ್ರಿಪಾಳಿ ಮುಗಿಸಿ ಬಂದ ಮೈ. ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಗಳು ಹತ್ತಿ ಕಾಲು ಚಾಚಲೂ ಜಾಗ ಬಿಡಲಿಲ್ಲ. ಮನಮಾಡದಲ್ಲಿ ಔರಂಗಾಬಾದಿನ ಚಿಕ್ಕ ಹಳಿಯ ಗಾಡಿಗಾಗಿ ಮೂರು ತಾಸು ಕಾದು, ಭಾಕರಿ ಶೇಂಗಾಚಟ್ನಿ ತಿಂದೆ. ಧೂಳು ಕುಡಿದು ಔರಂಗಾಬಾದಿನಲ್ಲಿ ಇಳಿದಾಗ ಸೂರ್ಯ ಇಳಿಯುತ್ತಿದ್ದ.

ಗಂಗಾಬಾಯಿ ಬಾಗಿಲು ತೆರೆದು ನನ್ನನ್ನೇ ದಿಟ್ಟಿಸಿದರು.

“ಬಡಗ್ಯಾರ ಮಗಾ ಹೌದಲ್ರಿ? ಮೂಗು ಹೇಳ್ತದ. ಬರ್ರಿ, ಚಹಾ ಕುಡೀರಿ.”

ಡಬ್ಬಿ ದೇವರ ಜಗಲಿಯ ಮೇಲಿತ್ತು. ಗಾಳಿ ತಾಗಬಾರದೆಂದು ಶಂಕರಪ್ಪನವರೇ ಸುತ್ತ ಮೇಣ ಹಚ್ಚಿದ್ದರಂತೆ. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಕುಂಕುಮ, ಹೂವು; ತೆರೆದವರಿಲ್ಲ. ಮೊದಲು ಅವರು ಒಪ್ಪಲಿಲ್ಲ. ಬೇಡಿಕೊಂಡೆ. ಹೂವು ಸರಿಸಿ, ಕೈಮುಗಿದು, ಚಾಕು ಕೊಟ್ಟರು.

ಒಳಗೆ ಕಂದು ಪುಡಿ. ಹುಳಿ ವಾಸನೆ. ಗಾಳಿಯಾಡದೆ ಫಿಲ್ಮು ಕೊಳೆತುಹೋಗಿತ್ತು.

“ಇಷ್ಟು ವರ್ಷ ಪೂಜಾ ಮಾಡೇನ್ರಿ,” ಎಂದರು, “ಒಮ್ಮೆನೂ ತಗದು ನೋಡ್ಲಿಲ್ಲ.”

ನಾನು ಡಬ್ಬಿಗೆ ಮುಚ್ಚಳ ಹಾಕಿದೆ. ಚಹಾ ಆರಿತು. ಆಮೇಲೆ ಅವರೇ ನನ್ನ ಮುಖ ನೋಡಿ ತುಸು ನಕ್ಕರು.

“ಆ ಮೀಸಿ ತಗೀರಿ. ನೀವ ರಾಣಿ.”

ಮರುದಿನ ಹಿಂದಿರುಗುವಾಗ ಮನಮಾಡದಲ್ಲಿ ಮತ್ತೆ ಕಾಯಬೇಕಾಯಿತು. ಸ್ಟೇಷನ್ ಹೊರಗಿನ ಕ್ಷೌರಿಕನ ಮುಂದೆ ಕೂತು ಮೀಸೆ ತೆಗೆಯಲು ಹೇಳಿದೆ. ಮನೆಯಲ್ಲಿ ಯಾರು ಹೋದರು ಎಂದು ಅವನು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ಅಪ್ಪ, ಎಂದೆ. ಅಪ್ಪ ಸತ್ತಾಗ ಬೋಳಿಸಲು ನನಗೆ ಮೀಸೆಯೇ ಬಂದಿರಲಿಲ್ಲ.

ಅವನು ಕನ್ನಡಿ ಹಿಡಿದ. ಬಹಳ ಹೊತ್ತು ನೋಡಿದೆ.

ಈಗ ನನ್ನಲ್ಲಿರುವುದು ಎರಡು ಕೋಣೆಯ ಮನೆ, ಒಂದು ಲೇತ್ ಕೆಲಸ, ಇಬ್ಬರು ಹೆಣ್ಣುಮಕ್ಕಳು, ಅಪ್ಪನದೊಂದು ಮುಖ.