ಒರೆಸದೆ ಬಿಟ್ಟ ಪ್ಲೇಟು

ರಾಯಚರ್ಲಿನ ವನಜಾಕ್ಷಿ ಇವತ್ತಿನವರೆಗೆ ಕಾಗದದ ಮೇಲೆ ಒಂದು ಚಿತ್ರವನ್ನೂ ಬರೆದವಳಲ್ಲ. ಅಳಿಸಿಹೋಗುವುದರ ಮೇಲೇ ಅವಳು ಬರೆದದ್ದೆಲ್ಲ. ಚಿಕ್ಕಂದಿನಲ್ಲಿ ಮೊರದಲ್ಲಿ ಹರಡಿದ ರಾಗಿಹಿಟ್ಟಿನ ಮೇಲೆ ಬೆರಳಾಡಿಸಿ ಕೊಕ್ಕರೆ ಬರೆಯುತ್ತಿದ್ದಳು. ಅವ್ವ ಬಂದು ತಲೆಗೆ ಮೊಟಕಿ, ಕೊಕ್ಕರೆ ಸಮೇತ ಹಿಟ್ಟನ್ನು ಎಸರಿಗೆ ಸುರಿಯುತ್ತಿದ್ದಳು. ಕೊಕ್ಕರೆ ಹೋಯಿತಲ್ಲ ಎಂದು ಹುಡುಗಿ ಒಂದು ದಿನವೂ ಅತ್ತದ್ದಿಲ್ಲ. ನಾಳೆಗೂ ಹಿಟ್ಟಿದೆ, ಬೆರಳಿದೆ.

ಈಗ ಅವಳಿಗೆ ನಲವತ್ತೊಂದು. ಊರ ಹೊಲಗಳೆಲ್ಲ ಸೋಲಾರಿಗೆ ಗುತ್ತಿಗೆ ಹೋದ ಮೇಲೆ ಅವಳದು ಬಿಸಿಲಿನಿಂದ ಕರೆಂಟು ಮಾಡುವ ಗಾಜಿನ ಪ್ಲೇಟು ತೊಳೆಯುವ ಕೆಲಸ. ಸಾಲಿಗೆ ಇಬ್ಬರು. ಒಬ್ಬರು ಪೈಪು ಹಿಡಿದು ನೀರು ಬಿಡಬೇಕು, ಇನ್ನೊಬ್ಬರು ಉದ್ದ ಕೋಲಿನ ವೈಪರಿನಿಂದ ಒರೆಸಬೇಕು. ಬಿಸಿಲೇರುವ ಮುಂಚೆ ಮುಗಿಯಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ವೈಪರು ಇವಳದು, ಪೈಪು ದಾಸಮ್ಮನದು. ದಾಸಮ್ಮ ಇವಳಿಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಮಂಡಿ ಸೋತ ಹೆಂಗಸು, ಬಾಯಿ ಸೋತಿಲ್ಲ.

ಸಾಲಿನ ಕೊನೆಯ ಪ್ಲೇಟು ಬಂದಾಗ ದಾಸಮ್ಮ ಪೈಪನ್ನು ಮಡಚಿ ಹಿಡಿದು ನೀರು ನಿಲ್ಲಿಸುತ್ತಿದ್ದಳು.

"ಬರಿಯೇ ಬಿರ್ರನೆ. ಇವತ್ತೇನು, ಹಕ್ಕಿನಾ ಹಾವಾ?"

"ನಿನ್ನೇ ಬರೀತೀನಿ ಸುಮ್ಕಿರಕ್ಕ."

"ನನ್ನ ಬರದ್ರೆ ಪ್ಲೇಟು ಕರೆಂಟು ಕೊಡಾಕಿಲ್ಲ ಕಣಮ್ಮ, ಹೆದರ್ಕಂಬುಡ್ತದೆ."

ಎರಡೇ ನಿಮಿಷ. ಮುಂಜಾನೆಯ ಓರೆ ಬೆಳಕಿನಲ್ಲಿ ಮಾತ್ರ ಧೂಳಿನ ಗೀರು ಕಾಣುತ್ತದೆ. ವನಜಾಕ್ಷಿ ಪ್ಲೇಟಿನ ಧೂಳಿನಲ್ಲಿ ಬೆರಳಿಂದ ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಬುಡಕ್ಕ ನೀರ" ಎನ್ನುತ್ತಿದ್ದಳು. ಆ ಎರಡು ನಿಮಿಷಕ್ಕಾಗಿಯೇ ಅವಳು ಐದು ಗಂಟೆಗೆ ಏಳುತ್ತಿದ್ದುದು.

ಒಂದು ದಿನ ನೀರು ಬೀಳುವ ಮುಂಚೆ ಸೂಪರ್‌ವೈಸರ್ ಚೇತನ್ ಕುಮಾರ್ ಬೈಕಿನಲ್ಲಿ ಬಂದ. ಧೂಳಿನಲ್ಲಿ ನವಿಲಿತ್ತು. ಫೋಟೋ ತೆಗೆದ, ಸ್ಟೇಟಸ್ಸಿಗೆ ಹಾಕಿದ, "ಸೂಪರ್ ಕಣ್ರಮ್ಮಾ" ಎಂದು ಹೋದ. ಮಧ್ಯಾಹ್ನಕ್ಕೆ ಅವನು ಅದನ್ನು ಮರೆತಿರಬೇಕು. ಅವಳು ಮರೆಯಲಿಲ್ಲ. ಅವತ್ತಿನಿಂದ ದಿನಾ ನವಿಲೇ. ಹಾವು, ಕೊಕ್ಕರೆ ಎಲ್ಲ ಹೋದವು, ಸಾರ್ ಮೆಚ್ಚಿದ್ದು ನವಿಲಲ್ಲವೇ! ಮೂವತ್ತು ವರ್ಷ ಯಾರ ಹಂಗೂ ಇಲ್ಲದೆ ಆಡಿದ ಬೆರಳು ಒಂದು "ಸೂಪರ್"ಗೆ ಆಳಾಯಿತು. ಹೊಲ ಹಿಡಿಯಲಾದರೂ ಸೋಲಾರಿನವರಿಗೆ ಕಾಗದಪತ್ರ ಬೇಕಾಗಿತ್ತು. ಒಬ್ಬ ಹೆಂಗಸಿನ ಸಂತೋಷ ಹಿಡಿಯಲು ಒಂದು ಫೋನು ಸಾಕಾಯಿತು.

ಆಮೇಲೊಂದು ಬೆಳಿಗ್ಗೆ ಅವಳು ಎಂದೂ ಆಡದ ಮಾತು ಆಡಿದಳು. "ಇದೊಂದು ಬುಟ್ಬುಡಕ್ಕ. ಸಾರ್ ಬತ್ತಾರೆ, ನೋಡ್ಲಿ."

"ಬತ್ತೀನಿ ಅಂದವ್ರಾ?"

"ಬತ್ತಾರೆ ಬುಡು."

ಎಂಟಾಯಿತು, ಬರಲಿಲ್ಲ. ಒಂಬತ್ತೂವರೆಗೆ ಗಾಜು ಹೆಂಚಿನಂತೆ ಕಾದ ಮೇಲೆ ಬಂದ. ಒಂದು ಸಾಲಿನಲ್ಲಿ ಕರೆಂಟು ಕಮ್ಮಿ ಎಂದು ಕಂಟ್ರೋಲ್ ರೂಮಿನವರು ಅವನನ್ನು ಬೈದು ಕಳಿಸಿದ್ದರು. ನೆತ್ತಿಗೇರುತ್ತಿದ್ದ ಬಿಸಿಲಿಗೆ ನವಿಲು ಕಾಣಲೇ ಇಲ್ಲ, ಬರೀ ಧೂಳು.

"ಯಾರ್ರೀ ಇದನ್ನ ಬಿಟ್ಟಿದ್ದು? ನೀರು ಬಿಡೋರು ಯಾರು ಈ ಸಾಲಲ್ಲಿ?"

"ನಾನೇ ಸಾ," ಎಂದಳು ದಾಸಮ್ಮ. ಅಷ್ಟೇ ಹೇಳಿ ನಿಂತಳು.

ವನಜಾಕ್ಷಿ ವೈಪರಿನ ರಬ್ಬರಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಇದ್ದಳು. ಕೆರೆಯುವಷ್ಟು ಮಣ್ಣೇನೂ ಇರಲಿಲ್ಲ.

ದಾಸಮ್ಮನನ್ನು ಕಳೆ ಕೀಳುವ ಗುಂಪಿಗೆ ಹಾಕಿದರು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ. ಹೊಸದಾಗಿ ಪೈಪು ಹಿಡಿಯಲು ಬಂದವಳು ಕೊನೆಯ ಪ್ಲೇಟಿಗೂ ಮಿಕ್ಕವಕ್ಕೆ ಬಿಟ್ಟಂತೆಯೇ ನೀರು ಬಿಟ್ಟಳು. ತಡಿ ಎನ್ನಲು ವನಜಾಕ್ಷಿಗೆ ಬಾಯಿ ಬರಲಿಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಪ್ಲೇಟಿನ ನೆರಳಲ್ಲಿ ದಾಸಮ್ಮ ಮುದ್ದೆಯ ಡಬ್ಬಿ ತೆಗೆಯದೆ ಮಂಡಿ ತಿಕ್ಕಿಕೊಳ್ಳುತ್ತಿದ್ದುದನ್ನು ಕಂಡಳು. ನೆಟ್ಟಗೆ ಚೇತನ್ ಕುಮಾರನ ಹತ್ತಿರ ಹೋದಳು.

"ಸಾ, ಅವತ್ತು ಆ ಪ್ಲೇಟು ಬುಡ್ಸಿದ್ದು ನಾನು."

"ಯಾವತ್ತು? ಓ, ಅದಾ! ಮೂರು ದಿನ ಬಾಯಲ್ಲೇನು ಇಟ್ಕೊಂಡಿದ್ದೆ ತಾಯಿ?"

ಉತ್ತರಕ್ಕೆ ಕಾಯದೆ ಅವನು ಬೈಕು ಹತ್ತಿದ. ಮಾರನೆಯ ದಿನ ದಾಸಮ್ಮ ಪೈಪಿಗೆ ವಾಪಸು ಬಂದಳು.

ಸಾಲಿನ ಕೊನೆಯ ಪ್ಲೇಟು ಬಂತು. ದಾಸಮ್ಮ ಎಂದಿನಂತೆ ಪೈಪು ಮಡಚಿ ಹಿಡಿದಳು.

"ಬರಿಯೇ."

"ನನ್ನ ಹೆಸ್ರು ಯಾಕಕ್ಕ ಹೇಳ್ನಿಲ್ಲ ಅವತ್ತು?"

"ನೀನೇ ಹೇಳ್ತೀಯ ಅಂತ ನಿಂತಿದ್ದೆ ಕಣೆ."

ಬೈದಿದ್ದರೆ ವನಜಾಕ್ಷಿ ತಡೆದುಕೊಳ್ಳುತ್ತಿದ್ದಳು.

"ಪೈಪು ಉಬ್ತಾ ಐತೆ, ಕೈ ನೋಯ್ತದೆ. ಬರೀತೀಯೋ ನೀರು ಬುಡ್ಲೋ?"

ಅವಳು ಬೆರಳಿಟ್ಟಳು. ಕೊಕ್ಕರೆಯ ಕತ್ತು ಬರೆಯೋಣವೆಂದು ಮೇಲಿನಿಂದ ಒಂದು ಗೀರು ಎಳೆದಳು. ಅಷ್ಟರಲ್ಲಿ ದೂರದ ಗೇಟಿನ ಕಡೆ ಬೈಕಿನ ಸದ್ದಾಯಿತು. ಅವಳ ಕತ್ತು ತಾನಾಗಿ ಆ ಕಡೆ ಹೊರಳಿತು. ಹೊರಳಿದ್ದನ್ನು ದಾಸಮ್ಮ ನೋಡಿದಳು. ನೋಡಿದಳೆಂಬುದು ಇವಳಿಗೂ ತಿಳಿಯಿತು. ಬೆಳಗಿನ ತಣ್ಣನೆ ಗಾಳಿಯಲ್ಲೂ ಕಿವಿ ಬಿಸಿಯಾದವು.

"ಬುಡಕ್ಕ ನೀರ," ಎಂದಳು.

ದಾಸಮ್ಮ ಒಂದು ಗಳಿಗೆ ತಡೆದಳು, ಆಮೇಲೆ ಬಿಟ್ಟಳು. ಧೂಳಿನಲ್ಲಿ ಇದ್ದದ್ದು ಆ ಒಂದೇ ಗೀರು.